ಗಾಳಿಗೆ ಕಟ್ಟಿದ ದೋಣಿ

ಹೋದ ವಾರ ಬ್ರೂಸ್‌ಪೇಟೆಯ ಶಾಮಿಯಾನದ ಅಂಗಡಿಯವರೊಬ್ಬರು ಹರಿದ ಟೆಂಟಿನ ಬಟ್ಟೆಯ ಗಂಟೊಂದನ್ನು ನಮ್ಮ ಮನೆಗೆ ತಂದು ಹಾಕಿ ಹೋದರು. ದಪ್ಪ ಬಟ್ಟೆ. ಅಂಥದ್ದರ ಮೇಲೆ ಸೂಜಿ ಓಡಿ ಓಡಿ ಬಿಸಿಯಾದಾಗ ಒಂದು ವಾಸನೆ ಏಳುತ್ತದೆ. ಮಷೀನಿನ ಎಣ್ಣೆ, ಕಾದ ದಾರ, ಬಟ್ಟೆಗೆ ಹಾಕಿದ ಗಂಜಿ ಎಲ್ಲ ಕೂಡಿದ ವಾಸನೆ. ನೀವು ಬಳ್ಳಾರಿಯವರಾದರೆ ಇದನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಜೀನ್ಸ್ ಹೊಲಿಯುವ ಮಷೀನಿನ ಸದ್ದಿಲ್ಲದ ಓಣಿ ಇಲ್ಲಿ ಕಡಿಮೆ. ಸತ್ಯನಾರಾಯಣಪೇಟೆಯ ನಮ್ಮ ಮುಂಬಾಗಿಲ ಕೋಣೆಯಲ್ಲಿ ನಾನೂ ವರ್ಷಗಟ್ಟಲೆ ಅದನ್ನೇ ಹೊಲಿದು ಬದುಕಿದವಳು. ಆದರೆ ಅವತ್ತು ಆ ವಾಸನೆ ನನಗೆ ಪ್ಯಾಂಟನ್ನು ನೆನಪಿಸಲಿಲ್ಲ. ನಾನು ಜೀವನದಲ್ಲಿ ಒಂದೇ ಒಂದು ಸಲ ಹೊಲಿದ ಹಾಯಿಯನ್ನು ನೆನಪಿಸಿತು.

ಈ ಬಿಸಿಲೂರಲ್ಲಿ ಹಾಯಿ ಎಲ್ಲಿಂದ ಬಂತು ಎಂದು ನಿಮಗೆ ನಗು ಬಂದರೆ ನಕ್ಕುಬಿಡಿ. ಮೊದಲ ಸಲ ಕೇಳಿದಾಗ ನಾನೂ ಬಾಯಿಗೆ ಸೆರಗು ಹಿಡಿದು ನಕ್ಕವಳೇ.

ಹಾಯಿ ಬೇಕು ಎಂದವರು ನನ್ನ ಅಕ್ಕ ನೀಲಮ್ಮನ ಗಂಡ, ನಮ್ಮ ಭಾವ. ಕುರುಗೋಡಿನವರು. ಸರಕು ಸಾಗಿಸುವ ಹಡಗಿನಲ್ಲಿ ಕೆಲಸಕ್ಕಿದ್ದರು. ಹಡಗಿನ ಕೆಲಸವೆಂದರೆ ಬಿಳಿ ಅಂಗಿ ತೊಟ್ಟು ಮೇಲೆ ನಿಂತು ಸಮುದ್ರ ನೋಡುವುದು ಎಂದು ನಾವೆಲ್ಲ ತಿಳಿದಿದ್ದೆವು. ಅವರು ಇದ್ದದ್ದು ಹಡಗಿನ ಹೊಟ್ಟೆಯಲ್ಲಿ, ಎಂಜಿನ್ನಿನ ಮಗ್ಗುಲಲ್ಲಿ. ಅಲ್ಲಿ ಕಿಟಕಿಯೂ ಇರಲಿಲ್ಲವಂತೆ. "ಎಲ್ಲಾ ಸಮುದ್ರ ದಾಟೀನವ್ವ," ಎಂದು ಒಮ್ಮೆ ನನಗೆ ಹೇಳಿದ್ದರು, "ಗಾಳಿ ಒಂದಽ ಕಂಡಿಲ್ಲ." ನೌಕರಿ ಮುಗಿಸಿ ಊರಿಗೆ ಬಂದ ಮೇಲೆ ಹಿತ್ತಲಲ್ಲಿ ಬಂಡೆಗಳ ನಡುವೆ ಪ್ಲೈವುಡ್ ಹಲಗೆ ಹರವಿಕೊಂಡು ಕುಳಿತರು. ಎಂಜಿನ್ ಇಲ್ಲದ, ಬರೀ ಗಾಳಿಗೆ ಓಡುವ ದೋಣಿಯೊಂದನ್ನು ತಮ್ಮ ಕೈಯಾರೆ ಮಾಡಬೇಕು ಎನ್ನುವುದು ಅವರ ಹಟ. ಹಾದುಹೋಗುವವರೆಲ್ಲ ಗೋಡೆಯ ಮೇಲಿಂದ ಇಣುಕಿ, "ಇದನ್ನ ಗುಡ್ಡದ ಮ್ಯಾಲ ತೇಲಿಸ್ತೀರೇನ್ರಿ?" ಎಂದು ಕೇಳಿ ಹೋಗುತ್ತಿದ್ದರು. ಭಾವ ತಲೆ ಎತ್ತದೆ ಹಲಗೆ ಉಜ್ಜುತ್ತಿದ್ದರು.

ಹಾಯಿ ಹೊಲಿಯುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಹೊಲಿಗೆ ಬಿಚ್ಚಿದ್ದನ್ನು ಯಾರೂ ಕಂಡಿಲ್ಲ ಎಂಬ ಜಂಬ ನನಗೆ ಆಗ ಸ್ವಲ್ಪ ಜಾಸ್ತಿಯೇ ಇತ್ತು. ಭಾವ ಅಂಚನ್ನು ಉಗುರಿನಿಂದ ಕೆರೆದು ನೋಡಿ ಮತ್ತೆ ಬಿಚ್ಚಿಸಿದರು.

"ಪ್ಯಾಂಟಿನ ಹೊಲಿಗಿ ಮನಷಾನ್ನ ತಡದ್ರ ಸಾಕು. ಇದು ಗಾಳಿ ತಡೀಬೇಕು."

"ಗಾಳಿಗಿಂತ ಮನಷಾನ ಭಾರ ಹೆಚ್ಚಲ್ರೀ ಭಾವ?"

"ಮನಷ ಒಮ್ಮೆರ ಕುಂದರ್ತಾನ. ಅದು ಕುಂದ್ರೂದಿಲ್ಲ," ಎಂದರು.

ಟ್ರ್ಯಾಕ್ಟರಿನ ಮೇಲೆ ಹೇರಿಕೊಂಡು ದೋಣಿಯನ್ನು ಸಿರುಗುಪ್ಪದ ಹತ್ತಿರ ಹೊಳೆಗೆ ಒಯ್ದರು. ತುಂಗಭದ್ರೆಯಲ್ಲಿ ಹರಗೋಲು ಹಾಕಿ ಮೀನು ಹಿಡಿಯುವ ಹುಲುಗಪ್ಪ ಎಂಬಾತ ತನ್ನ ಮನೆಯ ಕೆಳಗಿನ ದಂಡೆಯಲ್ಲಿ ಅದನ್ನು ಕಟ್ಟಿಕೊಳ್ಳಲು ಜಾಗ ಕೊಟ್ಟ. ಬುಟ್ಟಿಯಂಥ ದುಂಡನೆಯ ಹರಗೋಲುಗಳ ನಡುವೆ ಚೂಪು ಮೂತಿಯ ಈ ದೋಣಿ ಪರವೂರಿನ ಅಳಿಯನ ಹಾಗೆ ಸಂಕೋಚದಿಂದ ನಿಂತಿತ್ತು. ಮಂದಿ ಅದನ್ನು 'ಹಡಗ' ಎಂದೇ ಕರೆದರು. ಪಡುವಣ ಗಾಳಿ ಬೀಸುವ ತಿಂಗಳುಗಳಲ್ಲಿ ಭಾವ, ಅಕ್ಕ ಇಬ್ಬರೂ ಅಲ್ಲಿಗೆ ಹೋಗಿಬಿಡುತ್ತಿದ್ದರು. ಅಕ್ಕ ತಲೆ ತುಂಬ ಸೆರಗು ಹೊದ್ದು ದೋಣಿಯ ಮುಂದೆ ಕೂರುವಳು. ನೀರೆಂದರೆ ಹೆದರಿ ಸಾಯುವ ನಾನು ದಂಡೆಯ ಮೇಲೆ ಚಪ್ಪಲಿ ಕಾಯುವವಳು. ನಾನು ಹೊಲಿದ ಬಟ್ಟೆ ಹೊಟ್ಟೆ ಉಬ್ಬಿಸಿಕೊಂಡು ನಡುಹೊಳೆಯಲ್ಲಿ ಹೋಗುವುದನ್ನು ನೋಡುವಾಗ ಮಾತ್ರ ಹೆದರಿಕೆ ಮರೆಯುತ್ತಿತ್ತು. ಮದುವೆಯಾಗಿ ಅಷ್ಟು ವರ್ಷವಾದ ಮೇಲೆ ಅಕ್ಕ ಗಂಡನ ಜೊತೆ ಬಾಳಿದ್ದು ಆ ದೋಣಿಯಲ್ಲೇ. ಅದಕ್ಕೆ ಮೊದಲು ಅವರು ಸದಾ ಹಡಗಿನಲ್ಲಿ, ಇವಳು ಕುರುಗೋಡಿನಲ್ಲಿ.

ಆಮೇಲೆ ಭಾವನಿಗೆ ಲಕ್ವಾ ಹೊಡೆಯಿತು. ಬಲಗೈ ಬಿತ್ತು, ಮಾತು ಹೋಯಿತು. ದವಾಖಾನೆಗೆ ಹತ್ತಿರವಾಗಲೆಂದು ಇಬ್ಬರನ್ನೂ ನಮ್ಮ ಮನೆಗೆ ಕರೆತಂದೆ. ಒಂದೆರಡು ಶಬ್ದ ಮಾತ್ರ ಅವರಿಗೆ ಉಳಿದಿದ್ದವು, ಅವೂ ತಮ್ಮ ಜಾಗದಲ್ಲಿರಲಿಲ್ಲ. ಹೌದು ಅನ್ನುವಲ್ಲಿ ಇಲ್ಲ ಅನ್ನುತ್ತಿದ್ದರು, ಇಲ್ಲ ಅನ್ನುವಲ್ಲಿ ಹೌದು. ಡಾಕ್ಟರು ಹೇಳಿಕೊಟ್ಟಂತೆ ಅಕ್ಕ ದಿನಾ ಮುಂಜಾನೆ ಎದುರಿಗೆ ಕೂತು ಮಾತು ಕಲಿಸುತ್ತಿದ್ದಳು. ತಾಟು, ಲೋಟ, ಹಾಲು, ದೋಣಿ. ದೋಣಿ ಎಂದಾಗ ಅವರ ಎಡಗೈ ತಾನಾಗಿ ಚುಕ್ಕಾಣಿ ಹಿಡಿದಂತೆ ಮಡಚಿಕೊಳ್ಳುತ್ತಿತ್ತು.

ಅದೇ ವರ್ಷ ದೀಪಾವಳಿಗೆ ಮೊದಲು ಆಂಧ್ರದ ಕಡಲಿಗೆ ಚಂಡಮಾರುತ ಬಂತು. ಸಾಮಾನ್ಯವಾಗಿ ನಮ್ಮ ಸೀಮೆಗೆ ತಲುಪುವ ಹೊತ್ತಿಗೆ ಅದು ದಣಿದು ಜಿಟಿಜಿಟಿ ಮಳೆಯಾಗಿರುತ್ತದೆ. ಆ ಸಲ ಗಾಳಿ ಜೋರಾಗಿಯೇ ಒಳನಾಡಿಗೆ ನುಗ್ಗುತ್ತದೆ ಎಂದು ಟೀವಿಯಲ್ಲಿ ಹೇಳುತ್ತಿದ್ದರು. ಮೋಡದ ಸುಳಿ ಪರದೆಯ ಮೇಲೆ ತಿರುಗುತ್ತಿತ್ತು. ಅದನ್ನು ನೋಡಿದ್ದೇ ಭಾವ ಅಕ್ಕನ ಮುಂಗೈ ಹಿಡಿದರು. "ನೀರು," ಎಂದರು. "ನೀರು. ನೀರು."

ಅಕ್ಕನ ಮುಖ ಅರಳಿತು. "ತಿಳೀತು ಬಿಡ್ರಿ," ಎಂದಳು. ನನ್ನ ಕಡೆ ತಿರುಗಿ, "ಹಿಂದಕ ಹೇಳ್ತಿದ್ರು ನೋಡಲೇ. ಬಂದರಿನಾಗ ಬಿರುಗಾಳಿ ಬರೂ ಮುಂದ ಸಣ್ಣ ದೋಣಿ ದಂಡಿಗೆ ಎಳದು, ಒಳಗ ನೀರು ತುಂಬಿಸ್ತಾರಂತ. ಭಾರಕ್ಕ ಗಾಳಿ ಎತ್ತೂದಿಲ್ಲಂತ. ಅದನ್ನಽ ಹೇಳಾಕತ್ಯಾರ," ಎಂದಳು.

ಎಷ್ಟೋ ದಿನದ ಮೇಲೆ ಗಂಡನ ಒಂದು ಮಾತು ಅವಳಿಗೆ ಅರ್ಥವಾಗಿತ್ತು. ಅನುಮಾನಪಡುವ ಮನಸ್ಸು ನನಗೂ ಬರಲಿಲ್ಲ. ಭಾವನನ್ನು ನನ್ನ ಗಂಡನಿಗೆ ಒಪ್ಪಿಸಿ, ಹೊಸ ಹಗ್ಗದ ಸುರುಳಿ, ಒಂದು ಚೀಲ ಜೀನ್ಸಿನ ತುಂಡುಬಟ್ಟೆ ತೆಗೆದುಕೊಂಡು ಇಬ್ಬರೂ ಸಿರುಗುಪ್ಪದ ಬಸ್ಸು ಹತ್ತಿದೆವು. ಹಗ್ಗ ದೋಣಿಯ ಅಂಚಿಗೆ ತಿಕ್ಕಿ ಸವೆಯದಂತೆ ನಡುವೆ ಬಟ್ಟೆ ಸುತ್ತಬೇಕೆಂದು ಭಾವ ಹೇಳಿದ್ದು ನನಗೆ ನೆನಪಿತ್ತು. ದಾರಿಯುದ್ದಕ್ಕೂ ತೆನೆ ತುಂಬಿದ ಭತ್ತ ಒಂದೇ ಕಡೆಗೆ ವಾಲಿತ್ತು.

ಹುಲುಗಪ್ಪ ತನ್ನ ಹರಗೋಲನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತು ಆಗಲೇ ಮೇಲಿನ ಓಣಿಗೆ ಸಾಗಿಸಿದ್ದ. ನಮ್ಮ ದೋಣಿಯನ್ನು ಹಾಗೆ ಹೊರುವಂತಿರಲಿಲ್ಲ. ಅವನೂ ಅವನ ಅಣ್ಣತಮ್ಮಂದಿರೂ ಹಾಯಿಕಂಬ ಇಳಿಸಿಕೊಟ್ಟರು. ಎಲ್ಲರೂ ಕೂಡಿ ದೋಣಿಯನ್ನು ದಂಡೆಯ ಮೇಲೆ ಬೇವಿನ ಮರದವರೆಗೂ ಎಳೆದೆವು. ಅಲ್ಲಿಂದ ಆಚೆ ಏರು ಕಡಿದಾಗಿತ್ತು. ದೋಣಿಯ ನಾಲ್ಕೂ ಕಡೆಯಿಂದ ಮರಕ್ಕೆ ಹಗ್ಗ ಬಿಗಿದು, ಉಜ್ಜುವ ಜಾಗದಲ್ಲೆಲ್ಲ ಜೀನ್ಸ್ ಸುತ್ತಿದೆ. ಆಮೇಲೆ ಅಕ್ಕ, ನಾನು, ಹುಲುಗಪ್ಪನ ಹೆಂಡತಿ ಸಾಲಾಗಿ ನಿಂತು ಕೊಡದಿಂದ ಕೊಡಕ್ಕೆ ಹೊಳೆಯ ನೀರು ದಾಟಿಸಿ ದೋಣಿ ತುಂಬಿದೆವು. ರಟ್ಟೆ ಕಿತ್ತು ಬಂದವು.

ಸಂಜೆ ಗಾಳಿ ಬಂತು. ಹುಲುಗಪ್ಪನ ಮನೆಯ ಬಾಗಿಲ ಸಂದಿಯಿಂದ ನೋಡುತ್ತ ಕೂತಿದ್ದೆವು. ರೈಸ್ ಮಿಲ್ಲಿನ ಕಡೆಯಿಂದ ತಗಡುಗಳು ಹಾರಿಬಂದವು. ಮರದ ಟೊಂಗೆ ಮುರಿದು ಬಿತ್ತು. ದೋಣಿ ಮಾತ್ರ ಅಲುಗಲಿಲ್ಲ. ಅಕ್ಕ ನನ್ನ ತೊಡೆ ತಟ್ಟಿ ತಟ್ಟಿ ನಕ್ಕಳು. "ನೋಡಿದ್ಯಾ? ಮಾತು ಹೋದ್ರೂ ತಿಳುವಳಿಕಿ ಹೋಗಿಲ್ಲ ಅವರದು." ನಾನೂ ನನ್ನ ಗಂಟುಗಳನ್ನು ಮನಸ್ಸಿನಲ್ಲೇ ಹೊಗಳಿಕೊಂಡೆ. ಎಂಥ ಗಂಟು ಅವು!

ಬೆಳಗಾಗುವಾಗ ಗಾಳಿ ನಿಂತಿತ್ತು. ಚಹಾ ಕುಡಿಯುತ್ತಿದ್ದಾಗ ಧ್ವನಿವರ್ಧಕ ಕಟ್ಟಿದ ಆಟೋ ಓಣಿಯಲ್ಲಿ ಬಂತು. ಮೇಲೆ ಮಳೆಯಾಗಿದೆ, ಡ್ಯಾಮು ತುಂಬಿದೆ, ಗೇಟು ತೆಗೆದಿದ್ದಾರೆ, ಹೊಳೆದಂಡೆ ಖಾಲಿ ಮಾಡಿ ಎಂದು ಕೂಗುತ್ತಾ ಹೋಯಿತು. ಹುಲುಗಪ್ಪ ಲೋಟ ಕೆಳಗಿಟ್ಟ.

ಅಕ್ಕ ಆಗಲೇ ಓಡಿದ್ದಳು. ನಾವು ತಲುಪುವ ಹೊತ್ತಿಗೆ ಹೊಳೆ ಬಣ್ಣ ಬದಲಿಸಿತ್ತು. ಬರಿದಾದ ದೋಣಿಯಾಗಿದ್ದರೆ ಹತ್ತು ಜನ ಸೇರಿ ಏರು ಹತ್ತಿಸಬಹುದಿತ್ತೇನೋ. ಆದರೆ ಅದರೊಳಗೆ ನಾವು ತುಂಬಿದ ನೀರಿತ್ತು, ಇರುಳಿಡೀ ಸುರಿದ ಮಳೆಯೂ ಇತ್ತು. ನೀರು ಬಿಡಲೆಂದು ಭಾವ ತಳದಲ್ಲಿಟ್ಟಿದ್ದ ಬಿರಡೆ ಕೆಸರಿನಲ್ಲಿ ಹೂತುಹೋಗಿತ್ತು. ಕೊಡದಿಂದ ಎತ್ತಿ ಎತ್ತಿ ಚೆಲ್ಲಿದೆವು. ಜನರನ್ನು ಕರೆಯೋಣವೆಂದರೆ ಒಬ್ಬೊಬ್ಬರೂ ತಮ್ಮ ದನ, ತಮ್ಮ ಪಂಪ್‌ಸೆಟ್ಟು, ತಮ್ಮ ಮುದುಕರನ್ನು ಸಾಗಿಸುತ್ತಿದ್ದರು. ಯಾರನ್ನು ಯಾವ ಬಾಯಿಂದ ಕರೆಯುವುದು?

ನೀರು ಪಾದಕ್ಕೆ ಬಂತು, ಮೊಣಕಾಲಿಗೆ ಬಂತು. "ಹಗ್ಗ ಬಿಚ್ಚೋಣ," ಎಂದೆ. ತೇಲಿ ಹೋದರೂ ಎಲ್ಲಾದರೂ ದಂಡೆ ಹತ್ತೀತು ಎಂಬ ಆಸೆ. ಆದರೆ ತೊಯ್ದು ಉಬ್ಬಿದ ಗಂಟು ನನ್ನ ಬೆರಳಿಗೆ ಬಿಚ್ಚಲಿಲ್ಲ. ಬಿಚ್ಚಿದ್ದರೂ ಅಷ್ಟು ಭಾರದ್ದು ತೇಲುತ್ತಿರಲಿಲ್ಲ.

"ಬರ್ರೀ ಯಕ್ಕಾ, ಹೊಳಿ ಕೇಳೂದಿಲ್ಲ," ಎಂದು ಹುಲುಗಪ್ಪ ಕೂಗಿದ.

ಅಕ್ಕ ಕೊಡ ಬಿಡಲಿಲ್ಲ. "ಇನ್ನ ಸ್ವಲ್ಪ ಐತಿ. ಇನ್ನ ಸ್ವಲ್ಪಽ ಐತಿ," ಎನ್ನುತ್ತ ಚೆಲ್ಲುತ್ತಲೇ ಇದ್ದಳು. ಅವಳು ಚೆಲ್ಲಿದಷ್ಟನ್ನೂ ಹೊಳೆ ಅಂಚಿನ ಮೇಲಿಂದ ಮತ್ತೆ ಒಳಗೆ ಸುರಿಯುತ್ತಿತ್ತು. ಕೊನೆಗೆ ಹುಲುಗಪ್ಪ ಅವಳನ್ನು ಸೊಂಟ ಹಿಡಿದು ಎತ್ತಿಕೊಂಡು ಬಂದ.

ಮೇಲೆ ನಿಂತು ನೋಡಿದೆವು. ದೋಣಿಯ ಮೂತಿ ಸ್ವಲ್ಪ ಹೊತ್ತು ಕಾಣುತ್ತಿತ್ತು. ಹೊಳೆಯಲ್ಲಿ ಉರುಳಿಬಂದ ದೊಡ್ಡ ಮರದ ಬೊಡ್ಡೆಯೊಂದು ಅದಕ್ಕೆ ಬಡಿಯಿತು. ಕಟ್ಟು ಸಡಿಲವಾಗಿದ್ದರೆ ಸರಿದು ದಾರಿ ಬಿಡುತ್ತಿತ್ತೋ ಏನೋ. ಅದಕ್ಕೆ ಸರಿಯಲು ಜಾಗವಿರಲಿಲ್ಲ. ಹಲಗೆ ಸೀಳಿದ ಸದ್ದು ನಮ್ಮವರೆಗೂ ಕೇಳಿಸಿತು. ಹೊಳೆ ಇಳಿದ ಮೇಲೆ ಹೋದಾಗ ಬೇವಿನ ಮರಕ್ಕೆ ನಾಲ್ಕೂ ಹಗ್ಗ ಹಾಗೇ ಇದ್ದವು. ಜೀನ್ಸಿನ ತುಂಡುಗಳು ಒಂದಿಷ್ಟೂ ಹರಿದಿರಲಿಲ್ಲ. ನಾವು ಮಾಡಿದ್ದರಲ್ಲಿ ಯಾವುದೂ ಕೈಕೊಟ್ಟಿರಲಿಲ್ಲ, ದೋಣಿ ಮಾತ್ರ ಇರಲಿಲ್ಲ.

ಮನೆಗೆ ಬಂದು ಅಕ್ಕ ಭಾವನ ಎದುರಿಗೆ ಕೂತಳು. ಸುಳ್ಳು ಹೇಳುತ್ತಾಳೇನೋ ಎಂದುಕೊಂಡಿದ್ದೆ. "ಹಡಗ ಹೋತ್ರಿ," ಎಂದಳು. ಅವರು ಅವಳ ಕೆಸರು ಮೆತ್ತಿದ ಸೀರೆ ನೋಡಿ, "ಹೌದು," ಎಂದರು. ಅದು ಹೌದೋ ಇಲ್ಲವೋ ತಿಳಿಯುವ ದಾರಿ ನಮಗಿರಲಿಲ್ಲ. ಮರುದಿನದಿಂದ ತಾಟು, ಲೋಟ ಎಂದು ಅಕ್ಕ ಎಷ್ಟು ಕರೆದರೂ ಅವರು ಬಾಯಿ ತೆರೆಯಲಿಲ್ಲ. ಮುಖ ಗೋಡೆಯ ಕಡೆಗಿರುತ್ತಿತ್ತು. ಮುಂದೆ ಬಂದ ಬೇಸಿಗೆ ಮುಗಿಯುವ ಮುಂಚೆ ತೀರಿಕೊಂಡರು.

ಕುರುಗೋಡಿನಲ್ಲಿ ಮಣ್ಣು ಮಾಡಿ ಬಂದ ಮೇಲೆ ಒಂದು ಮಧ್ಯಾಹ್ನ ಅಕ್ಕ ತಾನಾಗಿ ಬಾಯಿಬಿಟ್ಟಳು. "ಹೊಳಿ ಬರತೈತಿ ಅಂತ ಹೇಳಿದ್ರೇನಲೇ ಅವ್ರು?" ಮತ್ತೆ ತಾನೇ ಮುಂದುವರಿಸಿದಳು: "ಇಲ್ಲಾ ನೀರಡಿಸಿದ್ರೇನ? ಬಸ್ಸಿನ ಗಡಿಬಿಡಿಯಾಗ ನಾ ಒಂದು ಲೋಟ ಹಿಡದು ಕೇಳಲಿಲ್ಲ." ಇದಕ್ಕೆ ಉತ್ತರ ನಿಮ್ಮಲ್ಲಿದ್ದರೂ ಅವಳಿಗೆ ಹೇಳಬೇಡಿ. ಯಾವ ಉತ್ತರವೂ ಅವಳಿಗೆ ಒಳ್ಳೆಯದಲ್ಲ.

ಅಕ್ಕ ಈಗ ನಮ್ಮ ಜೊತೆಯೇ ಇದ್ದಾಳೆ. ಈ ವಾರ ಮತ್ತೆ ಕಡಲಲ್ಲಿ ವಾಯುಭಾರ ಕುಸಿದಿದೆಯಂತೆ. ನಿನ್ನೆ ಸಂಜೆ ಪಕ್ಕದ ಮನೆಯ ಖಾಸಿಂ ಸಾಬರು ಅಡುಗೆಮನೆಯ ತಗಡಿಗೆ ಹಗ್ಗ ಬಿಗಿಯುತ್ತ, ಮಾಳಿಗೆಯ ಮೇಲಿದ್ದ ನನ್ನನ್ನು ನೋಡಿ, "ಒಂದು ತುದಿ ಹಿಡೀರಿ ಅಮ್ಮಾ," ಎಂದರು. ಹಿಡಿದೆ. ಕೆಳಗೆ ಅಂಗಳದಲ್ಲಿ ಅಕ್ಕ ತಲೆ ಎತ್ತಿ ನೋಡುತ್ತಿದ್ದಳು.

"ಭಾಳ ಬಿಗಿ ಕಟ್ಟಬ್ಯಾಡ್ರಿ," ಎಂದಳು.

ಸಾಬರು ಗಂಟು ಹಾಕುವ ಕೈ ನಿಲ್ಲಿಸಿದರು. "ಸಡ್ಲ ಬಿಟ್ರ ಗಾಳಿ ಒಯ್ತೈತಲ್ರಿ?" ಎಂದು ನನ್ನನ್ನು ಕೇಳಿದರು.

ಮೊದಲಾಗಿದ್ದರೆ ನಾನೇ ಗಂಟು ಹಾಕಿ ತೋರಿಸುತ್ತಿದ್ದೆ. "ನನಗ ಗೊತ್ತಿಲ್ಲ ಸಾಬ್ರ," ಎಂದೆ. ಎಳೆಯಲೂ ಇಲ್ಲ, ಬಿಡಲೂ ಇಲ್ಲ. ಹಗ್ಗದ ತುದಿ ಹಿಡಿದುಕೊಂಡು ಹಾಗೇ ನಿಂತೆ.