ಗಂಟು ಹತ್ತಿದ ಮೇಲೆ

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದೆ. ಹೆಂಡತಿಗೆ ಹೇಳಿದ್ದೇ ಹೋದ ವರ್ಷ, ಅದೂ ವಿಮಾನದಲ್ಲಿ ಬೆಲ್ಟು ಬಿಗಿದುಕೊಂಡು, ಎದ್ದು ಹೋಗಲು ಜಾಗವಿಲ್ಲದೆ ಕೂತಿದ್ದಾಗ.

ನಾನು ಬಸ್ ಡ್ರೈವರಾಗಿದ್ದ ಕಾಲದ ಆ ಕಂಡಕ್ಟರಣ್ಣನ ಎಡಹೆಗಲು ಬಲಹೆಗಲಿಗಿಂತ ಎರಡು ಬೆರಳು ಕೆಳಗಿತ್ತು. ಇಪ್ಪತ್ತು ವರ್ಷ ಚರ್ಮದ ಚೀಲ ತೂಗಿಸಿ ಆದ ವಾಲು. ಚೀಲವಿಲ್ಲದ ದಿನವೂ ಹಾಗೇ ವಾಲಿಕೊಂಡು ನಡೆಯುತ್ತಿದ್ದರು. ಕಿವಿಯ ಮೇಲೆ ಪೆನ್ಸಿಲ್ಲು, ಬಾಯಲ್ಲಿ ಸೀಟಿ.

ಒಬ್ಬರೇ ಮಾಲೀಕರ ಎರಡು ಬಸ್ಸು. ಅವರದು ಚನ್ನರಾಯಪಟ್ಟಣದಿಂದ ಹೊಳೆನರಸೀಪುರಕ್ಕೆ. ನಾನು ಓಡಿಸುತ್ತಿದ್ದದ್ದು ಅರಕಲಗೂಡಿನಿಂದ ಹೊರಟು, ಹೊಳೆನರಸೀಪುರ ಸುತ್ತಿ ಹಾಸನ ಸೇರುವುದು. ಅವರ ಬಸ್ಸಿಳಿದವರು ನನ್ನ ಬಸ್ಸು ಹಿಡಿಯಬೇಕು. ನಡುವೆ ಐದೇ ನಿಮಿಷ.

ಟಿಕೆಟ್ ಹರಿಯುವ ಮೊದಲು ಅವರು ಎಲ್ಲರನ್ನೂ ಕೇಳುತ್ತಿದ್ದುದು ಒಂದೇ ಮಾತು: "ಮುಂದ್ಕೆಲ್ಲಿಗೆ?" ಹೊಳೆನರಸೀಪುರ ಎಂದರೆ ಸಾಲದು. ಅಲ್ಲಿಂದ ಆಚೆ?

"ನಿಂಗ್ಯಾಕಪ್ಪ ಅದೆಲ್ಲ? ಟಿಕೀಟು ಕೊಡು" ಎಂದು ಯಾವಳಾದರೂ ಅಜ್ಜಿ ರೇಗಿದರೆ, "ಸ್ಟ್ಯಾಂಡಲ್ಲಿ ಸಂಜೆಗಂಟ ಕಡ್ಲೆಕಾಯಿ ಸುಲ್ಕಂಡು ಕೂತ್ಕತೀಯಾ? ಎಲ್ಲಿಗಂತ ಏಳವ್ವ" ಎನ್ನುತ್ತಿದ್ದರು.

ನನ್ನ ಬಸ್ಸು ಹೊರಡುವ ಹೊತ್ತಿಗೆ ಅವರ ಬಸ್ಸು ಒಳಗೆ ಬಂದರೆ ನೋಡಬೇಕಿತ್ತು. ನಿಲ್ಲುವ ಮೊದಲೇ ಹಾರಿ, ನಡೆಯಲಾರದವರ ಗಂಟನ್ನು ಕಸಿದುಕೊಂಡು ಓಡಿ ಬಂದು ನನ್ನ ಬಸ್ಸಿನೊಳಗೆ ಎಸೆಯುತ್ತಿದ್ದರು. "ಒಂದ್ ಜೀವ ಬತ್ತೈತೆ, ತಡಿ! ಗಂಟು ಅತ್ತುದ್ಮ್ಯಾಲೆ ಜೀವ ಬುಟ್ಟು ಓಗಂಗಿಲ್ಲ ಕಣ್ಲಾ!"

"ಟೈಮಾಯ್ತು ಕಣಣ್ಣ!"

"ನಿನ್ ಬಸ್ಸಿಗೇನು ರೆಕ್ಕೆ ಐತಾ? ನಿಲ್ಸು!"

ರೆಕ್ಕೆಯಿರುವುದನ್ನೂ ಕೊನೆಗೆ ಹತ್ತಿದೆ. ನನ್ನ ಮಗಳು ಐರ್ಲೆಂಡಿನಲ್ಲಿ ನರ್ಸು. ಅವಳ ಬಾಣಂತನಕ್ಕೆಂದು ನಾವಿಬ್ಬರೂ ಹೊರಟೆವು. ಕೊಲ್ಲಿಯ ಒಂದು ಊರಿನಲ್ಲಿ ವಿಮಾನ ಬದಲಿಸಬೇಕು, ನಡುವೆ ಒಂದು ಗಂಟೆ ಹತ್ತು ನಿಮಿಷ. ಬೆಂಗಳೂರಿನಲ್ಲೇ ನಲವತ್ತು ನಿಮಿಷ ತಡ! ಮಗಳಿಗೆ ಆಗಲೇ ನೋವು ಶುರುವಾಗಿದೆಯೆಂದು ಅಳಿಯ ಫೋನು ಮಾಡಿದ್ದ. ಇದು ತಪ್ಪಿದರೆ ಮಾರನೇ ದಿನವೇ ಇನ್ನೊಂದು.

ಇಳಿದೆವು, ಓಡಿದೆವು. ತಪಾಸಣೆಯ ಬಾಗಿಲಲ್ಲಿ ಹೆಂಡತಿಯ ಕಾಲುಂಗುರ ಕೀ ಎಂದಿತು. "ಮದ್ವೇಲಿ ಆಕಿದ್ದು, ಬರಕಿಲ್ಲ ಕಣಮ್ಮ" ಎಂದು ಅವಳು ಕಾವಲಿನ ಹೆಂಗಸಿಗೆ ಕನ್ನಡದಲ್ಲೇ ವಾದಿಸಿದಳು. ಆಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಆ ಗಾಜಿನ ಊರಿನ ಉದ್ದಕ್ಕೂ ನನಗಿಂತ ಮುಂದೆ ಓಡಿದಳು! ನೆಲವೇ ಚಲಿಸುವ ಕಡೆ ಮುಗ್ಗರಿಸಿ, ಎದ್ದು, ಮತ್ತೆ ಓಡಿದಳು. ನನಗೆ ಉಸಿರಿಲ್ಲ, ಆದರೂ ಎಪ್ಪತ್ತು ದಾಟಿದ ಕಾಲುಗಳು ಹಾರುತ್ತಿದ್ದವು.

ಗೇಟಿನಲ್ಲಿ ಒಬ್ಬ ಯುವಕ ಕೈ ಬೀಸುತ್ತಿದ್ದ. ನಮ್ಮ ಹೆಸರು ನೋಡಿ ಕನ್ನಡಕ್ಕಿಳಿದ. ಮಂಗಳೂರಿನವನು.

"ಬೇಗ ಬನ್ನಿ ಮಾರಾಯ್ರೇ! ನಿಮ್ಮ ಪೆಟ್ಟಿಗೆ ಆಗಲೇ ವಿಮಾನ ಹತ್ತಿ ಆಗಿದೆ. ಜನ ಬಾರದಿದ್ರೆ ಅದನ್ನು ಹುಡುಕಿ ಇಳಿಸ್ಬೇಕು. ಅದಕ್ಕೇ ನಾಲ್ಕು ನಿಮಿಷ ಕಾದದ್ದು."

ನಾನು ಅಲ್ಲೇ ನಿಂತು ಗಟ್ಟಿಯಾಗಿ ನಕ್ಕೆ. ಗಂಟು ಹತ್ತಿದ ಮೇಲೆ ಜೀವ ಬಿಟ್ಟು ಹೋಗುವಂತಿಲ್ಲ! ಆಕಾಶದಲ್ಲೂ ಕಂಡಕ್ಟರಣ್ಣನದೇ ಕಾನೂನು! ಸೀಟಿನಲ್ಲಿ ಕೂತ ಮೇಲೂ ನಗುತ್ತಲೇ ಇದ್ದೆ. ಚಕ್ರ ನೆಲ ಬಿಟ್ಟಿತು, ನಗು ನಿಂತಿತು. "ಯಾಕ್ರೀ, ಎದೆ ನೋವಾ?" ಎಂದಳು ಹೆಂಡತಿ. ಆಗ ಹೇಳಿದೆ.

ಒಂದು ದಿನ ನಾನು ಕಾಯಲಿಲ್ಲ. ತಡವಾಯಿತೆಂದು ಹಿಂದಿನ ದಿನ ಮಾಲೀಕರು ಬೈದಿದ್ದರು, ಆ ಸಿಟ್ಟು. ಕಂಡಕ್ಟರಣ್ಣ ಒಂದು ಬಟ್ಟೆಯ ಚೀಲ ಒಳಗೆಸೆದು, "ಒಂದ್ ಜೀವ ಬತ್ತೈತೆ" ಎಂದು ಹಿಂದಕ್ಕೆ ಓಡಿದರು. ನಾನು ಗೇರು ಹಾಕಿದೆ. ಕನ್ನಡಿಯಲ್ಲಿ ಆ ವಾಲಿದ ಹೆಗಲು ಓಡಿ ಬರುತ್ತಿತ್ತು. ಅದರ ಹಿಂದೆ ಎರಡು ಜಡೆಯ ಹುಡುಗಿ, ಚಪ್ಪಲಿ ಕೈಯಲ್ಲಿ. ನೋಡಿದೆ. ನೋಡಿಯೇ ಹೋದೆ.

ಆ ಚೀಲದಲ್ಲಿ ಅವಳ ಅಂಕಪಟ್ಟಿ ಇತ್ತು. ಅಂದು ಹಾಸನದಲ್ಲಿ ನರ್ಸ್ ತರಬೇತಿಗೆ ಆಯ್ಕೆ. ಮುಂದಿನ ಬಸ್ಸಿನಲ್ಲಿ ಅವಳು ಬರುವಷ್ಟರಲ್ಲಿ ಹೆಸರು ಕೂಗಿ ಮುಗಿದಿತ್ತು. ಅವಳು ಕಂಡಕ್ಟರಣ್ಣನ ಮಗಳೆಂದು ನನಗೆ ತಿಳಿದದ್ದು ಸಂಜೆ. ಎಲ್ಲರ ಬಗ್ಗೆ ಹೇಳುವಂತೆ ಅವಳ ಬಗ್ಗೆಯೂ 'ಒಂದ್ ಜೀವ' ಎಂದಷ್ಟೇ ಹೇಳಿದ್ದರು. ನನ್ನ ಮಗಳು ಎಂದಿರಲಿಲ್ಲ.

ತಿಳಿದ ಮೇಲೂ ನಾನು ಸುಳ್ಳು ಹೇಳಿದೆ. ಸ್ಟ್ಯಾಂಡಿನ ಜನ ದೂರಿದ್ದಕ್ಕೆ ಮಾಲೀಕರು ಇಬ್ಬರನ್ನೂ ಕರೆಸಿದರು. "ಬ್ಯಾಗ್ ಹಾಕಿದ್ದು ನಂಗೊತ್ತಿಲ್ಲ ಸಾ. ಇವರು ದಿನಾ ಹಿಂಗೇ, ಬಸ್ ಲೇಟಾಗೋದೇ ಇವರಿಂದ" ಎಂದೆ. ಕಂಡಕ್ಟರಣ್ಣ ನನ್ನನ್ನೊಮ್ಮೆ ನೋಡಿದರು. ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದು ಮೇಜಿನ ಮೇಲಿಟ್ಟು ಹೋದರು. ಮತ್ತೆ ಬಸ್ಸು ಹತ್ತಲಿಲ್ಲ. ಅವರು ತೀರಿಕೊಂಡ ಸುದ್ದಿ ಬಂದಾಗಲೂ ನಾನು ಮಣ್ಣಿಗೆ ಹೋಗಲಿಲ್ಲ.

ಹೆಂಡತಿ ಬೆಲ್ಟು ಸಡಿಲಿಸಿ ನನ್ನ ಕಡೆ ತಿರುಗಿದಳು. "ಊರಿಗೆ ಓದ್ ತಕ್ಷಣ ಓಗಿ ತಪ್ಪಾಯ್ತು ಅಂತ ಏಳ್ಕಳಿ. ಅವರಿಲ್ದಿದ್ರೇನು, ಅವರ ಮಗ್ಳು ಅವ್ಳಲ್ವಾ."

ನಾವು ಆಸ್ಪತ್ರೆ ತಲುಪಿದ ಮೇಲೆಯೇ ಮೊಮ್ಮಗಳು ಹುಟ್ಟಿದಳು. ಮೊದಲು ಎತ್ತಿಕೊಂಡವಳು ನನ್ನ ಹೆಂಡತಿ. ಆ ನಾಲ್ಕು ನಿಮಿಷ ಯಾರೋ ಕಾದಿದ್ದರು.

ಊರಿಗೆ ಬಂದ ಮೇಲೆ ಹೋದೆ. ಚನ್ನರಾಯಪಟ್ಟಣದ ರಸ್ತೆಯ ಹಳ್ಳಿಯೊಂದರಲ್ಲಿ ಕಂಡಕ್ಟರಣ್ಣನ ಮಗಳು ಮನೆಯ ಬಾಗಿಲಲ್ಲೇ ಹೊಲಿಗೆ ಮಿಷನ್ನು ತುಳಿಯುತ್ತಿದ್ದಳು. ತಲೆ ಅರ್ಧ ನರೆತಿದೆ. ಗೋಡೆಯ ಮೇಲಿನ ಫೋಟೊದಲ್ಲೂ ಕಂಡಕ್ಟರಣ್ಣ ವಾಲಿಕೊಂಡೇ ಇದ್ದರು.

"ಡ್ರೈವರ್ ಮಾವ ಅಲ್ವಾ? ಬನ್ನಿ, ಕೂತ್ಕಳಿ" ಎಂದು ನೀರು ಕೊಟ್ಟಳು. ಮೊಮ್ಮಗಳ ಸುದ್ದಿ ಹೇಳಿದೆ, ತಂದಿದ್ದ ಸಿಹಿ ಕೊಟ್ಟೆ. ತಪ್ಪೊಪ್ಪುವ ಮಾತೊಂದನ್ನು ಬಿಟ್ಟು ಉಳಿದೆಲ್ಲ ಆಡಿ ಎದ್ದೆ.

"ಮುಂದ್ಕೆಲ್ಲಿಗೆ ಮಾವ?" ಎಂದಳು. ಥೇಟು ಅವಳಪ್ಪನ ದನಿ.

"ಬಸ್ಸು ಬಂತು ಕಣವ್ವ" ಎಂದು ಓಡಿ ಬಂದೆ. ಬಸ್ಸು ಬಂದಿರಲಿಲ್ಲ.

ಕಂಡಕ್ಟರಣ್ಣನಿಗೆ ಹೇಳುವ ಕಾಲ ಮೀರಿತು. ಅದನ್ನೇ ನೆಪ ಮಾಡಿಕೊಂಡು ಇಷ್ಟು ದಿನ ಸುಮ್ಮನಿದ್ದೆ. ಆದರೆ ನಾನು ಮೊದಲು ತಪ್ಪೊಪ್ಪಬೇಕಾದ ಜೀವ ಇನ್ನೂ ಇದೆ, ದಿನವೂ ಅದೇ ಬಾಗಿಲಲ್ಲಿ ಕೂತಿದೆ: ಕನ್ನಡಿಯಲ್ಲಿ ಓಡಿ ಬಂದ ಆ ಎರಡು ಜಡೆಯ ಹುಡುಗಿ, ಅವರ ಮಗಳು.