ನೀರೋ ನೀಳ್ಳೋ

ಬೆಳಿಗ್ಗೆ ಕೈಜಾರಿ ಬಿದ್ದ ಸ್ಟೀಲ್ ಮುಚ್ಚಳ ಅಡುಗೆಮನೆಯ ನೆಲದ ಮೇಲೆ ಗಿರಗಿರನೆ ಸುತ್ತಿತು. ಎತ್ತಿಡುವ ಬದಲು ನಿಲ್ಲುವವರೆಗೂ ನೋಡುತ್ತಾ ನಿಂತೆ. ಈ ವಯಸ್ಸಿನಲ್ಲಿ ಇದೇನು ಹುಚ್ಚು ಅನ್ನಬೇಡಿ. ಇದನ್ನು ಕಲಿಸಿದ್ದು ಮೊಮ್ಮಗಳು ಚೈತ್ರಾ.

ಮಗಳು ರೂಪಾಳನ್ನು ಹಿಂದೂಪುರದ ನಮ್ಮ ಕನ್ನಡದ ಮನೆಯಿಂದ ಕಲ್ಯಾಣದುರ್ಗದ ತೆಲುಗಿನವರ ಮನೆಗೆ ಕೊಟ್ಟಿದ್ದೇವೆ. ಅವಳ ಮಗಳಿಗೆ ಎರಡು ವರ್ಷ ದಾಟಿದರೂ ಮಾತು ಬರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಕಿವಿ ಮಂದವೇನೋ ಅಂದುಕೊಂಡರೆ, ಬೀದಿಯಾಚೆ ಐಸ್ ಗಾಡಿಯ ಗಂಟೆ ಕೇಳಿದ ಕೂಡಲೇ ಬಾಗಿಲಿಗೆ ಓಡುವಳು.

ಒಂದು ದಿನ ರೂಪಾ ಫೋನ್ ಮಾಡಿದಳು. “ಅಮ್ಮ, ಇನ್ಮೇಲೆ ಪಾಪು ಹತ್ರ ತೆಲುಗೇ ಮಾತಾಡು. ಎರಡು ಭಾಷೆ ಕಲಸಿ ಮಗು ತಲೆ ಕೆಡಿಸ್ಬುಟ್ಟಿದ್ದೀವಿ ಅಂತವ್ರೆ ನಮ್ಮತ್ತೆ.”

ನನ್ನ ತೆಲುಗು ಗೋರಂಟ್ಲ ಸಂತೆಯ ಚೌಕಾಸಿಗೆ ಸಾಕು, ಮಗುವನ್ನು ಮುದ್ದಿಸಲು ಸಾಲದು. ತೆಲುಗಿನಲ್ಲಿ ಲಾಲಿ ಶುರು ಮಾಡಿದರೆ ಅರ್ಧಕ್ಕೇ ಕನ್ನಡ ನುಗ್ಗುವುದು. ಬಾಯಿ ಮುಚ್ಚಿಕೊಂಡು ಬೆನ್ನು ತಟ್ಟುತ್ತಿದ್ದೆ. ಅವಳು ಬಂದಾಗಲೆಲ್ಲ ಮನೆಯಲ್ಲಿ ಮಾತಿಲ್ಲದವರು ಇಬ್ಬರಾಗುತ್ತಿದ್ದೆವು.

ಅಂಗನವಾಡಿ ಟೀಚರ್ ಹೇಳಿದ ಮೇಲೆ ಡಾಕ್ಟರಿಗೆ ತೋರಿಸಲು ಹೊರಟೆವು. ಎಲ್ಲಿಗೆ ಎಂಬುದೇ ತಿಳಿಯಲಿಲ್ಲ. ಹಿಂದೂಪುರ ಈಗ ಒಂದು ಜಿಲ್ಲೆಗೆ ಸೇರಿದೆ, ಕಲ್ಯಾಣದುರ್ಗ ಇನ್ನೊಂದಕ್ಕೆ. ಇಲ್ಲಿ ಕೇಳಿದರೆ ಅಲ್ಲಿಗೆ ಹೋಗಿ, ಅಲ್ಲಿ ಕೇಳಿದರೆ ಇಲ್ಲಿಗೆ. ಒಬ್ಬ ಡಾಕ್ಟರು “ಇನ್ನೂ ಸ್ವಲ್ಪ ದಿನ ನೋಡೋಣ” ಅಂದರು. ನಮಗೂ ಅದೇ ಬೇಕಿತ್ತು. ಮಕ್ಕಳ ಬೆಳವಣಿಗೆ ನೋಡುವ ಡಾಕ್ಟರಮ್ಮ ಸಿಗುವಷ್ಟರಲ್ಲಿ ಚೈತ್ರಾಳಿಗೆ ನಾಲ್ಕು ತುಂಬಿತ್ತು.

ಆಕೆ ನೆಲದ ಮೇಲೆ ಕೂತು ಮಗುವಿನೊಡನೆ ಆಡುತ್ತಲೇ ಕೇಳಿದರು, ಬೇಕಾದ್ದನ್ನು ಬೆರಳಿಟ್ಟು ತೋರಿಸುತ್ತಾಳಾ ಎಂದು. ರೂಪಾ ಇಲ್ಲ ಅಂದಳು, ನಾನು ಹೌದು ಅಂದೆ. ಚೈತ್ರಾ ನನ್ನ ಕೈ ಹಿಡಿದೆಳೆದು ಡಬ್ಬಿಯ ಮೇಲೆ ಇಡುತ್ತಿದ್ದಳು. ಅದನ್ನೇ ತೋರಿಸುವುದು ಅಂದುಕೊಂಡಿದ್ದೆ. ನೀವೇ ಹೇಳಿ, ಅಜ್ಜಿಗೆ ಅಷ್ಟು ಸಾಲದೆ?

ಇದಕ್ಕೆ ಆಟಿಸಂ ಎನ್ನುತ್ತಾರೆ, ಕಾಯಿಲೆಯಲ್ಲ, ಮಗು ಬೆಳೆಯುವ ಬಗೆಯೇ ಬೇರೆ ಎಂದರು.

“ಎರಡು ಭಾಷೆಯಿಂದ ಬಂತಾ ಮೇಡಂ?” ಎಂದು ರೂಪಾ ತೆಲುಗಿನಲ್ಲಿ ಕೇಳಿದಳು.

“ಕಾದಮ್ಮಾ,” ಅಲ್ಲವೇ ಅಲ್ಲ ಎಂದ ಡಾಕ್ಟರಮ್ಮ ನನ್ನ ಕಡೆ ತಿರುಗಿ, ನಿಮಗೆ ಯಾವ ಭಾಷೆ ಸಲೀಸೋ ಅದರಲ್ಲೇ ಮಾತಾಡಿ, ಆದರೆ ಇನ್ನೂ ಬೇಗ ಬರಬೇಕಿತ್ತು ಎಂದರು.

ಬಸ್ಸಿನಲ್ಲಿ ನಾನು ಚೈತ್ರಾಳಿಗೆ ಬೇವಿನ ಮರ, ಎಮ್ಮೆ, ಟ್ರಾಕ್ಟರು ಎಂದು ಕನ್ನಡದಲ್ಲೇ ಒದರುತ್ತಿದ್ದೆ. ಅವಳು ಕಿಟಕಿಯ ಸರಳನ್ನೇ ನೋಡುತ್ತಿದ್ದಳು. ಸೋಮಂದೇಪಲ್ಲಿ ದಾಟಿದಾಗ ರೂಪಾ ಕೇಳಿದಳು, “ಬೇಗ ಬರಬೇಕಿತ್ತು ಅಂದ್ರಲ್ಲಮ್ಮ, ಎಷ್ಟು ಕಳ್ಕಂಡ್ವಿ?” ನನಗೆ ಗೊತ್ತಿರಲಿಲ್ಲ. ಭಾಷೆ ವಾಪಸ್ಸು ಬಂತೆಂದು ಸಂತೋಷವೋ, ಕಾಯಿಲೆಯಲ್ಲದ ಆ ಹೆಸರಿನ ಭಯವೋ, ಅದೂ ಗೊತ್ತಾಗಲಿಲ್ಲ.

ಈಗ ಚೈತ್ರಾ ಮಾತಿನ ತರಬೇತಿಗೆ ಹೋಗುತ್ತಾಳೆ. ಬಾಯಾರಿದರೆ “ನೀ” ಅನ್ನುತ್ತಾಳೆ. ಕನ್ನಡದ ನೀರೋ ತೆಲುಗಿನ ನೀಳ್ಳೋ ತಿಳಿಯದು. ಲೋಟ ತುಂಬಿಸಿ ಕೊಡುತ್ತೇನೆ.

ಇವತ್ತು ಮಧ್ಯಾಹ್ನ ಪಕ್ಕದ ಮನೆಯ ಸೊಸೆ ಕೂಸನ್ನೆತ್ತಿಕೊಂಡು ಬಂದಳು. “ಕರದ್ರೆ ತಿರುಗಲ್ಲ ಅಜ್ಜಿ. ಇನ್ನೊಂದು ವರ್ಷ ನೋಡಾನ ಅಂತವ್ರೆ ಮನೇಲಿ.”

“ಕಾಯಬ್ಯಾಡ ಕಣಮ್ಮ, ತೋರಿಸ್ಕೊಂಡು ಬರಾನ. ನಾನೂ ಬತ್ತೀನಿ.”

“ಏನೋ ಐತೆ ಅಂದ್ಬುಟ್ರೆ?”

ಕೂಸು ನನ್ನನ್ನು ನೋಡದೆ ನನ್ನ ಬಳೆ ತಿರುಗಿಸುತ್ತಿತ್ತು.

“ಆಗ್ಲೂ ಎತ್ಕೊಂಡು ಮನೆಗೇ ಬರಾದು ಕಣಮ್ಮ,” ಅಂದೆ.