ಲಿವರ್ ಎಳೆದವಳ ಹೆಸರು

ಯುದ್ಧದ ಚರಿತ್ರೆ ಬರೆಯುವವರು ಗೆದ್ದವರ ಪಟ್ಟಿ ಕೊಡುತ್ತಾರೆ, ಸೋತವರ ಪಟ್ಟಿ ಕೊಡುತ್ತಾರೆ. ನಮ್ಮಜ್ಜಿಗೆ ಕೆಲಸ ಸಿಕ್ಕಿದ್ದೂ ಕೈತಪ್ಪಿದ್ದೂ ಯಾವ ಪಟ್ಟಿಯಲ್ಲೂ ಇಲ್ಲ. ನನಗೆ ಅದೇ ಸಿಟ್ಟು.

ಅಜ್ಜ ರೈಲ್ವೆ ಸಿಗ್ನಲ್ ಕ್ಯಾಬಿನ್ನಿನಲ್ಲಿ ಹಳಿ, ಸಿಗ್ನಲ್ ಬದಲಿಸುವ ಕಬ್ಬಿಣದ ಲಿವರ್ ಎಳೆಯುವವನು. ಯುದ್ಧ ಶುರುವಾದಾಗ ಸೈನ್ಯಕ್ಕೆ ಕರೆ ಬಂತು, ಹೋದ. ಊರಿನ ಗಂಡಸರೆಲ್ಲ ಹೋದ ಮೇಲೆ ಗಾಡಿಗಳು ತಾವಾಗಿಯೇ ಓಡುತ್ತವೆಯೇ? ಗಂಡನಿಗೆ ಬುತ್ತಿ ತಂದು ಕೊಡುತ್ತಲೇ ಆ ಕೆಲಸವನ್ನು ನೋಡಿ ಕಲಿತಿದ್ದ ಅಜ್ಜಿಯನ್ನು ಸ್ಟೇಷನ್ ಮಾಸ್ತರು ಕರೆಸಿದರು. "ಇದು ಹೆಂಗಸರು ಬರೋ ಜಾಗ ಅಲ್ಲಮ್ಮ" ಎಂದು ಹಿಂದಿನ ತಿಂಗಳಷ್ಟೇ ಗದರಿದ್ದ ಅದೇ ಮಾಸ್ತರು!

ಲಿವರನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ, ಬೆವರಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಅದಕ್ಕೊಂದು ತುಂಡು ಬಟ್ಟೆ ಸದಾ ಅಜ್ಜಿಯ ಹೆಗಲ ಮೇಲಿರುತ್ತಿತ್ತು. ಹದಿನೇಳನೆಯ ಲಿವರ್ ಎಲ್ಲಕ್ಕಿಂತ ಬಿಗಿ. ಒಂದು ಕಾಲು ಚೌಕಟ್ಟಿಗೆ ಕೊಟ್ಟು, ಇಡೀ ಮೈಭಾರ ಹಿಂದಕ್ಕೆ ಹಾಕಿದರಷ್ಟೇ ಅದು ಅಲುಗುತ್ತಿತ್ತು. ಅದನ್ನೆಳೆದು ಅವಳು ಸೈನಿಕರ ಗಾಡಿಗಳನ್ನು ಬಿಟ್ಟಳು. ತುಂಬಿ ಹೋದ ಗಾಡಿಗಳು ಅರ್ಧ ಖಾಲಿಯಾಗಿ ವಾಪಸು ಬರುತ್ತಿದ್ದವು. ಪ್ರತಿ ಗಾಡಿಯ ಸಮಯವನ್ನೂ ರಿಜಿಸ್ಟರಿನಲ್ಲಿ ಬರೆದು, ಪಕ್ಕದಲ್ಲಿ ತನ್ನ ಹೆಸರಿನ ರುಜು ಹಾಕುತ್ತಿದ್ದಳು. ಹೀಗೆ ನಾಲ್ಕು ವರ್ಷ.

ಯುದ್ಧ ಮುಗಿಯಿತು. ಸೈನ್ಯದವರು ಬಂದು, ಗುಟ್ಟಿನ ದಾಖಲೆ ಎಂದು ಆ ನಾಲ್ಕು ವರ್ಷದ ರಿಜಿಸ್ಟರುಗಳನ್ನು ಹೊತ್ತೊಯ್ದರು. ಅಜ್ಜ ಬಂದ, ಅವನ ಬಲಗೈ ಬರಲಿಲ್ಲ. ಯುದ್ಧಕ್ಕೆ ಹೋಗಿ ಬಂದವರಿಗೆ ಅವರವರ ಕೆಲಸ ವಾಪಸು ಎಂದು ಸರ್ಕಾರ ಹೇಳಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಅಜ್ಜಿಯನ್ನು ಮನೆಗೆ ಕಳಿಸಿದರು. ಆದರೆ ಹದಿನೇಳನೆಯ ಲಿವರಿಗೆ ಸರ್ಕಾರದ ಆದೇಶ ಓದಲು ಬರುವುದಿಲ್ಲವಲ್ಲ. ಅದು ಒಂಟಿ ಕೈಗೆ ಜಗ್ಗಲಿಲ್ಲ. ವಾರದೊಳಗೆ ಅಜ್ಜಿ ಬುತ್ತಿಯ ನೆಪದಲ್ಲಿ ಮತ್ತೆ ಕ್ಯಾಬಿನ್ ಹತ್ತಿದಳು. ಅಜ್ಜ ಕುರ್ಚಿಯಲ್ಲಿ ಕೂತು ಪಕ್ಕದ ಸ್ಟೇಷನ್ನಿನಿಂದ ಬಾರಿಸುವ ಗಂಟೆಗೆ ಉತ್ತರ ಕೊಡುವುದು, ಅಜ್ಜಿ ಲಿವರ್ ಎಳೆಯುವುದು, ಬರೆಯುವುದು, ಅಜ್ಜನ ಹೆಸರು ಹಾಕುವುದು. ಎಡಗೈಯಲ್ಲಿ ತನಗೆ ಒಂದಕ್ಷರವೂ ಮೂಡದು ಎನ್ನುತ್ತಿದ್ದ ಅಜ್ಜ. ಮೇಲಧಿಕಾರಿಗಳಿಗೆ ಗೊತ್ತಿತ್ತು, ಕಂಡೂ ಕಾಣದಂತಿದ್ದರು. ಹೀಗೆ ಇಪ್ಪತ್ತೆರಡು ವರ್ಷ.

ಅಜ್ಜಿ ಪಿಂಚಣಿ ಕೇಳಲಿಲ್ಲ, ಪದಕ ಕೇಳಲಿಲ್ಲ. "ನನ್ನ ಹೆಸರಿರೋ ಒಂದು ಹಾಳೆ ಕಣ್ಣಾರೆ ನೋಡಿ ಸಾಯ್ಬೇಕು ಕಣೆ" ಎನ್ನುತ್ತಿದ್ದಳು. ಅವಳಿಗಾಗಿ ನಾನು ಸೈನ್ಯದ ಕಚೇರಿಗೆ ಮೂರು ಸಲ ಬರೆದೆ. ಅಂಥ ರಿಜಿಸ್ಟರುಗಳೇ ಇಲ್ಲ ಎಂಬ ಉತ್ತರ ಬಂತು.

ಕಳೆದ ತಿಂಗಳು ಕ್ಯಾಬಿನ್ ಕೆಡವುತ್ತಾರೆಂದು ತಿಳಿಯಿತು. ಎಂಬತ್ತೈದರ ಅಜ್ಜಿಯನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿದೆ. ಅಜ್ಜ ತೀರಿಕೊಂಡು ಆಗಲೇ ಒಂಬತ್ತು ವರ್ಷ. ಮೂಲೆಯಲ್ಲಿ ಹಳೆಯ ರಿಜಿಸ್ಟರುಗಳ ರಾಶಿ. ಯುದ್ಧದ ವರ್ಷಗಳದ್ದು ಇರಲಿಲ್ಲ.

"ಉಳಿದಿದ್ದೆಲ್ಲ ನಿನ್ನ ಅಕ್ಷರಾನೇ ಅಲ್ವಾ ಅಜ್ಜಿ, ಸಾಕು ಬಿಡು" ಎಂದೆ.

"ಅಕ್ಷರ ನಂದು, ಹೆಸರು ಅವರದು. ಅಡುಗೆ ಮಾಡಿದ್ದು ನಾನು, ತೇಗಿದ್ದು ಅವರು" ಎಂದು ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ.

ಕೊನೆಯದಾಗಿ ಅಜ್ಜ ನಿವೃತ್ತನಾದ ವರ್ಷದ ರಿಜಿಸ್ಟರು ತೆಗೆದೆ. ಕೊನೆಯ ದಿನ, ಕೊನೆಯ ಗಾಡಿ. ಅಜ್ಜಿಗೆ ನೆನಪಿತ್ತು: "ಅವತ್ತು ಲಿವರ್ ಎಳೆದ ಕೂಡಲೇ ನನ್ನನ್ನ ಕೆಳಗೆ ಕಳಿಸಿದ್ರು. ಬೀಳ್ಕೊಡೋಕೆ ಬಂದೋರಿಗೆ ಚಹಾ ಕೊಡು, ಪುಸ್ತಕ ನಾನೇ ಮುಚ್ಚಿಡ್ತೀನಿ ಅಂದ್ರು."

ಆ ಸಾಲು ಅಜ್ಜಿಯ ಅಕ್ಷರದಲ್ಲಿರಲಿಲ್ಲ. ಒಂದನೇ ತರಗತಿಯ ಮಗು ಬರೆದಂತೆ ಸೊಟ್ಟಸೊಟ್ಟ, ಗೆರೆ ಬಿಟ್ಟು ಇಳಿದ ಅಕ್ಷರಗಳು. ಎಡಗೈ ಬರಹ. ರುಜುವಿನ ಜಾಗದಲ್ಲಿ ಅಜ್ಜನ ಹೆಸರಿರಲಿಲ್ಲ, ಅಜ್ಜಿಯ ಹೆಸರಿತ್ತು.

ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಹಾಳೆಗೆ ಬೆವರು ತಾಗದಂತೆ ಆ ಹೆಸರನ್ನು ಮುಟ್ಟಿದಳು. ತುಂಬ ಹೊತ್ತು ನೋಡಿದಳು.

"ಟೈಮ್ ತಪ್ಪು ಬರೆದಿದ್ದಾರೆ" ಎಂದಳು. "ಆ ಗಾಡಿ ಎರಡು ನಿಮಿಷ ಲೇಟಾಗಿ ಹೋಯ್ತು."

ಪುಸ್ತಕ ಮುಚ್ಚಲು ಹೋದವಳು ಮತ್ತೆ ಅದೇ ಹಾಳೆ ತೆರೆದಳು.

"ಇದನ್ನ ಬರೆದ ಮೇಲೆ ಸಾಯೋವರೆಗೂ ಇಪ್ಪತ್ತೆಂಟು ವರ್ಷ ಪಕ್ಕದಲ್ಲೇ ಕೂತು ಚಹಾ ಕುಡಿದ್ರಲ್ಲೇ. ಒಂದು ಮಾತು ಹೇಳ್ಬಾರದಿತ್ತಾ?"